ಜೇಡ ಕಟ್ಟಿಕೊಟ್ಟ ಗೂಡು

ಚಿಟ್ಟೆಯಾಗಿ ಮೊಟ್ಟೆಯಿಡಲೆಂದು ಯಜಮಾನ ಸಾಕಿದ ರೇಷ್ಮೆಹುಳುಗಳ ತಟ್ಟೆಯಲ್ಲಿ, ಮೇವು ಮುಗಿಸಿ ಹಣ್ಣಾದ ಹುಳುಗಳೆಲ್ಲ ನೂಲು ಬಿಟ್ಟು ಗೂಡು ಕಟ್ಟುತ್ತಿದ್ದವು. ಒಂದು ಮಾತ್ರ ಹಾಯಾಗಿ ಮಲಗಿತ್ತು. ಮೂಲೆಯ ಜೇಡ ಉಳಿದವರ ಗೂಡುಗಳಿಂದ ಎಳೆ ಕಿತ್ತು ತಂದು ಅದರ ಸುತ್ತ ನೇಯುತ್ತಿತ್ತು.

ಪಕ್ಕದ ಹಿರಿಯ ಹುಳುವಿಗೆ ಮೈ ಉರಿಯಿತು. “ನಿನ್ನ ಹೊಟ್ಟೆಯಲ್ಲಿ ನೂಲಿಲ್ಲವೇನೋ?”

“ಇದೆ ಅಣ್ಣ. ಯಜಮಾನ ನೋಡುವುದು ಗೂಡನ್ನು ತಾನೇ? ನಾನೇಕೆ ಕತ್ತು ನೋಯಿಸಿಕೊಳ್ಳಲಿ?”

“ಗೂಡು ಯಜಮಾನನಿಗಲ್ಲವೋ, ಮಂಕೇ. ಒಳಗಿನ ನೂಲು ಹೊರಗೆ ಬಂದರೆ ಮಾತ್ರ ನಿನಗೆ ರೆಕ್ಕೆ.”

“ಹೊಟ್ಟೆಕಿಚ್ಚು,” ಎಂದಿತು ಜೇಡ. “ನಿನ್ನದು ಸೊಟ್ಟ, ಇದು ದುಂಡಗಿದೆ.”

ಯಜಮಾನ ಬಂದು ದುಂಡನೆಯ ಗೂಡನ್ನೇ ಮೆಚ್ಚಿ, ಎಲ್ಲಕ್ಕಿಂತ ಮೇಲಿಟ್ಟ.

ಕೆಲವು ದಿನ ಕಳೆದವು. ಹಿರಿಯ ಹುಳು ತನ್ನ ಸೊಟ್ಟ ಗೂಡನ್ನು ಸೀಳಿಕೊಂಡು ಚಿಟ್ಟೆಯಾಗಿ ಹೊರಬಂದಿತು. ದುಂಡನೆಯ ಗೂಡಿಗೆ ತಲೆ ಗುದ್ದಿ ಕರೆಯಿತು. ಬಿಡದ ನೂಲು ಒಳಗೇ ಗಟ್ಟಿಯಾಗಿ ಹುಳು ಸತ್ತಿತ್ತು.

“ಹುಳು ಗೂಡು ಕೇಳಿತು, ಕೊಟ್ಟೆ,” ಎಂದಿತು ಜೇಡ. “ರೆಕ್ಕೆಯ ಮಾತು ಯಾರೂ ಎತ್ತಲಿಲ್ಲ.”

“ನಾನು ಎತ್ತಿದ್ದೆ. ಹೊಟ್ಟೆಕಿಚ್ಚು ಅಂದವನು ನೀನು.”

ಜೇಡ ಆಗಲೇ ಪಕ್ಕದ ತಟ್ಟೆಗೆ ಇಳಿದಿತ್ತು. ಅಲ್ಲಿ ಇನ್ನೊಂದು ಹುಳು ಹಾಯಾಗಿ ಮಲಗಿತ್ತು.

ಯಂತ್ರದಿಂದ ಪ್ರಬಂಧ ಬರೆಸಿ ಪದವಿಗೆ ಕೈಯೊಡ್ಡುವವರು, ಅದಕ್ಕೆ ತಲೆದೂಗುವ ಮೇಷ್ಟರುಗಳು, ಆ ದುಂಡನೆಯ ಗೂಡನ್ನೊಮ್ಮೆ ಒಡೆದು ನೋಡಲಿ.