ಎರಿಮಣ್ಣಿನ ಮದುವಿಗೆ ಯಾರನ್ನ ಕರೀಲಿಲ್ಲ

ಹಲಗಿ ಸಾಬಣ್ಣ ಬಾವಿ ಕಟ್ಟಿ ಮ್ಯಾಲೆ ನಿಂತು ಡಂಗುರ ಬಡದ. "ಕೇಳ್ರಪಾ ಕೇಳ್ರಿ, ಎರಿಸೀಮಿ ಅರಸರ ಮಾತು. ಅರಸರ ಮಗಳು ಸೋವಲದೇವಿ ಮೂರು ಒಗಟು ಕೇಳ್ತಾಳ. ಮೂರೂ ಒಡದವನಿಗೆ ಆಕಿ ಕೈ, ಜೋಡಿಗೆ ಅರ್ಧಾ ಸೀಮಿ. ತಪ್ಪಿದವನ ತಲಿ ಕ್ವಾಟಿ ಬಾಗಲಿಗೆ."

ತಲಿ ಯಾಕ ಅಂತೀರಿ? ಅರಮನಿ ಗ್ವಾಡಿ ಬಿದ್ದು ರಾಣಿ ಸತ್ತಿದ್ಲು. "ಏನೂ ಆಗಂಗಿಲ್ಲ, ಗಟ್ಟಿ ಐತಿ" ಅಂತ ಎದಿ ತಟ್ಟಿ ಹೇಳಿದ ಮಂದಿ ಮರುದಿನ ಊರಾಗ ಕಾಣಲಿಲ್ಲ. ಇನ್ನ ಮ್ಯಾಲೆ ಬಾಯಿ ಹಾಕಾವ ತಲೀನೂ ಇಡಬೇಕು ಅಂದ ಅರಸ.

ನಮ್ಮ ಮಗ್ಗಲ ಮನಿ ಫಕೀರವ್ವನ ಮಗ ಗುಡದಪ್ಪ, ಸುಣ್ಣ ಸುಡಾವ, ಇದನ್ನ ಕೇಳಿ ಮುಖ ತೊಳಕೊಂಡು ಹೊಂಟು ನಿಂತ. ಅರಮನಿಗೆ ಸುಣ್ಣ ಹೊತ್ತು ಹಾಕಾಕ ಹೋದಾಗ ಸೋವಲದೇವಿನ ನೋಡಿದ್ನಂತ. ಬಿದ್ದ ಗ್ವಾಡಿ ಬುಡಕ್ಕ ಒಬ್ಬಾಕಿನ ಕುಂತು ಮಣ್ಣು ಹಿಸುಕಿ ನೋಡತಿದ್ಲಂತ. ಅವತ್ತಿನಿಂದ ಹುಡುಗಗ ರೊಟ್ಟಿ ಸೇರವಲ್ದು.

"ಅಂಗಿಗೆ ತೋಳಿಲ್ಲ, ಅರಸನ ಅಳಿಯ ಆಗ್ತಾನಂತ. ಕಾಲಿಗೆ ಹಗ್ಗ ಕಟ್ಟವಾ" ಅಂದೆ ನಾನು.

"ಇರಾವ ಒಬ್ಬನ ಮಗ ಯಕ್ಕಾ, ಹೇಳಿದ್ರ ಕೇಳವಲ್ಲ" ಅಂತ ಫಕೀರವ್ವ ಸೆರಗು ಬಾಯಿಗೆ ಹಿಡದ್ಲು.

ಇಬ್ಬರೂ ಅವನ ಹಿಂದ ಅರಮನಿಗೆ ಹೋದ್ವಿ. ಆಕಿ ಅಳಾಕ, ನಾನು ನೋಡಾಕ.

ಮೊದಲು ಪಲ್ಲಕ್ಕಿ ಇಳದಾವ ಹಿರೇನಾಡಿನ ರಾಜಕುಮಾರ. ಮೈತುಂಬ ಅತ್ತರು, ಹತ್ತಿರ ನಿಂತವರಿಗೆ ಸೀನು. ಸೋವಲದೇವಿ ಕೇಳಿದ್ಲು: "ನೀರು ಕುಡಿಸಿದ್ರ ಬಾತು ಮಂಚಾನ ಎತ್ತತಾಳ. ಕುಡಿಸದಿದ್ರ ಸೊರಗಿ, ಬಾಯಿ ತಕ್ಕೊಂಡು ಕೈಕೋಲು ನುಂಗತಾಳ. ಬೆಳಿಗೆ ತಾಯಿ, ಮನಿಗೆ ಮಲತಾಯಿ. ಯಾರಾಕಿ?"

"ಅತ್ತಿ" ಅಂದ ರಾಜಕುಮಾರ.

ನನಗ ಖರೇನ ನಗು ಬಂತು, ನಮ್ಮತ್ತಿ ಹಂಗ ಇದ್ಲು. ಅರಸ ನಗಲಿಲ್ಲ. ತಲಿ ಹೊಡಿಯೂತನಕ ಇರ್ಲಿ ಅಂತ ಕಾವಲಿನವರು ಅವನ್ನ ಕತ್ತಲ ಕ್ವಾಣಿಗೆ ಒಯ್ದ್ರು.

ಆಮ್ಯಾಲೆ ಮುತ್ತಿನ ಸೇಟು. ಜಾಣ, ಮಂದಿಗೆ ಕೇಳದಂಗ ಆಕಿ ಕಿವ್ಯಾಗ ಹೇಳಿ ಮೊದಲಿಂದು ಒಡದ. ಸೋವಲದೇವಿ ಎರಡನೇದು ಕೇಳಿದ್ಲು: "ಬೆಂಕಿಯಿಂದ ಹೊರಗ ಬಂದಾವ ತಣ್ಣಗಾಗಿ ಸುಮ್ಮನ ಕುಂತಾನ. ತಣ್ಣೀರು ಕೊಟ್ಟರ ಮಾತ್ರ ಸಿಟ್ಟು ಮಾಡಿ ಕುದೀತಾನ, ಕಡೀಗೆ ಹಿಟ್ಟಾಗಿ ಬೀಳತಾನ. ಯಾರಾವ?"

"ಕಾದ ಕಬ್ಬಿಣ."

"ಕಬ್ಬಿಣ ಹಿಟ್ಟಾಗಿದ್ದು ಎಲ್ಲಿ ನೋಡೀಯೋ ಸೇಟ?" ಅಂದ ಅರಸ. ಸೇಟೂ ಕ್ವಾಣಿಗೆ.

ಗುಡದಪ್ಪ ಮುಂದ ಬಂದಾಗ ಮಂದಿ ಮುಸಿಮುಸಿ ನಕ್ಕಿತು. ಸೋವಲದೇವಿ ನಗಲಿಲ್ಲ, ಅವೆರಡನ್ನೂ ಇವನಿಗೂ ಕೇಳಿದ್ಲು.

"ಮೊದಲಿನಾಕಿ ಎರಿಮಣ್ಣು" ಅಂದ ಅಂವ. "ಮಳಿಗಾಲದಾಗ ಉಬ್ಬತಾಳ, ಬ್ಯಾಸಗಿಗೆ ಬಿರಿತಾಳ, ಮ್ಯಾಲಿನ ಗ್ವಾಡೀನೂ ಸೀಳತಾಳ. ಎರಡನೇದಾವ ಸುಟ್ಟ ಸುಣ್ಣದ ಕಲ್ಲು. ಅವನ ಸಿಟ್ಟು ನನ್ನ ಮೈಮ್ಯಾಲೆ ಐತಿ ನೋಡ್ರಿ" ಅಂತ ಮೊಣಕೈ ತೋರಿಸಿದ. ಬೊಬ್ಬಿ ಎದ್ದು ಮಾಯ್ದ ಕಲಿ.

ಮೂರನೇದು ಕೇಳೂ ಹೊತ್ತಿಗೆ ಆಕಿ ದನಿ ಸಣ್ಣಾತು. "ಅವ್ವ ಸತ್ತ ಮ್ಯಾಲೆ ಈ ಕರಿಯಾಕಿಗೂ ಆ ಬಿಳಿಯಾವಗೂ ನಾನ ನಿಂತು ಮದುವಿ ಮಾಡಿದೆ. ಅವರ ಮ್ಯಾಲೆ ಮನಿ ಕಟ್ಟಿದೆ. ಅದೂ ಬಿರೀತು. ಮದುವಿಗೆ ಯಾರನ್ನ ಕರಿಯೂದು ಮರತೆ? ಇದು ನನಗೂ ಗೊತ್ತಿಲ್ಲ."

ಗುಡದಪ್ಪ ತಲಿ ಕೆರಕೊಂಡ. "ದೊರಸಾನಿ, ಮಣ್ಣಿಗೆ ಸುಣ್ಣ ಯಾವಾಗ ಕಲಸಿದ್ರಿ, ಗ್ವಾಡಿ ಯಾವಾಗ ಎಬ್ಬಿಸಿದ್ರಿ?"

"ಶಾಸ್ತ್ರಿಗಳು ಮುಹೂರ್ತ ಕೊಟ್ಟಿದ್ರು. ಮುಂಜಾನೆ ಕಲಸಿ ಸಂಜಿಗೆ ಗ್ವಾಡಿ ಎಬ್ಬಿಸಿದ್ವಿ."

"ಹಂಗಾರ ನೀವು ಪುರಸೊತ್ತನ್ನ ಕರೀಲಿಲ್ಲ" ಅಂದ ಅಂವ. "ತಾಳಿ ಕಟ್ಟಿದ ದಿನಾನ ತೊಟ್ಟಿಲು ಕಟ್ಟಿದ್ರ ಹೆಂಗ್ರಿ? ಕಲಸಿದ ಮಣ್ಣಿಗೆ ಒದ್ದಿ ಗೋಣಿ ಹೊಚ್ಚಿ ಬಿಡಬೇಕು. ಅದರ ಜಿಗಟು ಹೋಗಿ ಗೋದಿ ನುಚ್ಚಿನಂಗ ಉದುರಬೇಕು. ಆಮ್ಯಾಲೆ ದಮ್ಮಸು ಬಡದು, ಮತ್ತ ನೀರು ಚಿಮುಕಿಸಿ, ಗಟ್ಟಿ ಆಗೂತನಕ ಕಾಯಬೇಕು. ಸುಣ್ಣ ಎಲ್ಲಾರ ಮನ್ಯಾಗೂ ಐತ್ರಿ. ಕಾಯಾಕ ಯಾರೂ ತಯಾರಿಲ್ಲ."

ಅರಸ ಸಿಂಹಾಸನ ಬಿಟ್ಟು ಎದ್ದ. "ಇದು ಉತ್ತರನೋ, ತಲಿ ಉಳಿಸಿಕೊಳ್ಳೂ ನೆವನೋ?"

"ನೆಲಾನ ಹೇಳಲಿ ಮಹಾರಾಯರ. ಬಿದ್ದ ಪಡಸಾಲಿ ನನಗ ಕೊಡ್ರಿ. ಒಂದು ಮಳಿಗಾಲ, ಒಂದು ಬ್ಯಾಸಗಿ ದಾಟಲಿ. ಎಳ್ಳುಕಾಳು ಹೋಗೂವಷ್ಟು ಬಿರುಕು ಬಿಟ್ಟರ ತಲಿ ನಿಮ್ಮದು. ಕೆಲಸಕ್ಕ ಆಳು ಬೇಕು, ಕ್ವಾಣ್ಯಾಗ ಕುಂತ ಆ ಇಬ್ಬರನ್ನೂ ಕೊಡ್ರಿ."

ಫಕೀರವ್ವ ನನ್ನ ಕೈ ಹಿಡಕೊಂಡ್ಲು ನೋಡ್ರಿ, ಬಳಿ ಒಡದು ಹೋದ್ವು. ಅರಸ ಮಗಳ ಮುಖ ನೋಡಿದ. ಆಕಿ ಗೋಣು ಹಾಕಿದ್ಲು.

ರಾಜಕುಮಾರ ದಮ್ಮಸು ಬಡಿಯೂದು ನೋಡಾಕ ಊರ ನೆರೀತು. ಅತ್ತರು ಹೋಗಿ ಬೆವರು ಬಂತು, ಮನಷ್ಯಾನಂಗ ಕಾಣಾಕ ಹತ್ತಿದ. ಸೇಟು ಗೋಣಿ ಮ್ಯಾಲೆ ನೀರು ಹೊಡೀತಿದ್ದ. ಅರಸ ದಿನಾ ಬಂದು "ಇನ್ನ ಗ್ವಾಡಿ ಎಬ್ಬಿಸಲೇನೋ?" ಅಂತಿದ್ದ. "ಇನ್ನೂ ಇಲ್ರಿ" ಅಂತಿದ್ದ ಗುಡದಪ್ಪ. ಅರಸಗ "ಇಲ್ಲ" ಅಂದಾವರಾಗ ಇಂವನ ಮೊದಲನೇದಾವ.

ಗ್ವಾಡಿ ಎದ್ದಿತು. ಮಳಿ ಹೊಡೀತು, ಸುತ್ತಿನ ಹೊಲ ಎಲ್ಲಾ ಉಬ್ಬಿದ್ವು. ಬ್ಯಾಸಗಿ ಬಂತು, ಕೆರಿ ದಂಡಿ ಬಿರದು ನಮ್ಮ ಕ್ವಾಣದ ಕಾಲು ಸಿಕ್ಕೊಂಡು ನಾಲ್ಕು ಮಂದಿ ಎಳದ್ವಿ. ಅವತ್ತ ಅರಸ ಬೊಗಸಿ ತುಂಬ ಎಳ್ಳು ತಂದು ಪಡಸಾಲಿ ನೆಲಕ್ಕ ಚೆಲ್ಲಿದ. ಸೋವಲದೇವಿ ಮೊಣಕಾಲೂರಿ ಅಂಗೈಲೆ ಗ್ವಾಡಿ ಬುಡದ ತನಕ ಬಳಕೊಂತ ಹೋದ್ಲು. ಒಂದು ಕಾಳೂ ಒಳಗ ಇಳೀಲಿಲ್ಲ. ಎಲ್ಲಾ ಆಕಿ ಬೊಗಸ್ಯಾಗ ವಾಪಸು ಬಂದ್ವು. ತಾಯಿ ಸತ್ತಾಗಿನಿಂದ ನಗದಾಕಿ ಅವತ್ತ ನಕ್ಲು.

ಅದ ಪಡಸಾಲ್ಯಾಗ ಮದುವಿ ಆತು. ಅರ್ಧಾ ಸೀಮಿ ಗುಡದಪ್ಪಂದು. ಸೇಟು, ರಾಜಕುಮಾರ ಇಬ್ಬರ ತಲೀನೂ ಉಳೀತು. ರಾಜಕುಮಾರ ತನ್ನೂರಿಗೆ ಹೋಗಾಗ ದಮ್ಮಸು ಬಡಿಯೂ ಕಟಗಿ ಕೇಳಿ ಒಯ್ದ. ಡೊಳ್ಳಿನವರು ಕುಣದ ಕುಣತಕ್ಕ ಬ್ಯಾರೆ ಮನಿ ಆಗಿದ್ರ ಬಿದ್ದಿರತಿತ್ತು, ಆ ನೆಲ ಹಂದಾಡಲಿಲ್ಲ.

ಫಕೀರವ್ವ ಈಗ ಪಲ್ಲಕ್ಯಾಗ ಅಡ್ಡಾಡತಾಳ, ನನ್ನ ಕಂಡ್ರ ಮಾತ್ರ ಇಳೀತಾಳ. ಇಳೀಲಿಲ್ಲಂದ್ರ ನಾ ಬಿಡತೀನೇನು? ಮದುವಿ ಹೋಳಿಗಿ ಊಟಾನೂ ಮಾಡಿ ಬಂದೀನಿ. ಅರಸರ ಮನಿ ಅಂತ ಹೆಸರಷ್ಟ, ತುಪ್ಪ ಮಾತ್ರ ತೆಳ್ಳಗ ಬಡಿಸಿದ್ರು.