ಪಾದುಕೆಯ ದೋಣಿ

ವಾಮದೇವನಿಗೆ ಬೆಳಗಿನಿಂದಲೇ ತಲೆ ಕೆಟ್ಟಿತ್ತು. ಸಂಜೆ ಆಶ್ರಮದ ಜಗಲಿಯಲ್ಲಿ ಅವನು ಮೊದಲ ಸಲ ಜನರಿಗೆ ಕತೆ ಹೇಳಬೇಕು. ರಾಜನೊಬ್ಬ ರಾಜ್ಯ ಬಿಟ್ಟು, ದೋಣಿ ಹತ್ತಿ ಹೊಳೆ ದಾಟುವ ಕತೆ. ಜನ ಮೆಚ್ಚಿದರೆ ಗುರುಗಳ ನಂತರ ಕತೆ ಹೇಳುವ ಪೀಠ ಅವನದೇ.

ಬಾಯಿಪಾಠ ಮಾಡೋಣವೆಂದು ಹೊಳೆದಂಡೆಗೆ ಬಂದರೆ ಅಲ್ಲಿ ಅಂಬಿಗರ ಮಕ್ಕಳ ಗಲಾಟೆ. ಸುಮ್ಮನಿರಿ ಅಂದ. ಗದರಿದ. ಯಾರು ಕೇಳಬೇಕು?

ಎದ್ದು ಹೋಗಿ ನೋಡಿದ. ಮೈಯೆಲ್ಲ ಉರಿದುಹೋಯಿತು. ಗುರುಗಳ ಮರದ ಪಾದುಕೆ ನೀರಲ್ಲಿ ತೇಲುತ್ತಿದೆ! ಅದರ ಮೇಲೆ ಒಂದಿಷ್ಟು ಬೆಣಚುಕಲ್ಲು. ಸೋಮಿ ಎಂಬ ಚೋಟುದ್ದದ ಹುಡುಗಿ ಅದನ್ನು ಮೆಲ್ಲಗೆ ತಳ್ಳುತ್ತಿದ್ದಾಳೆ.

ಹಾಳಾದವೇ ಎಂದು ಬೈದು, ಪಾದುಕೆ ಕಿತ್ತುಕೊಂಡು ಕೊಡವಿದ. ಕಲ್ಲುಗಳು ಹೊಳೆಗೆ ಬಿದ್ದವು.

“ಅಯ್ಯೋ, ಅಜ್ಜಿ ಮುಳುಗಿಹೋದಳು!” ಸೋಮಿ ಹೋ ಎಂದು ಅತ್ತಳು.

ಅಳು ಕೇಳಿ ಗುರುಗಳು ಬಂದರು. ವಾಮದೇವ ದೂರಿನ ಮೇಲೆ ದೂರು ಹೇಳಿದ. ಅವರು ಪಾದುಕೆಯತ್ತ ನೋಡಲೂ ಇಲ್ಲ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ತಡಕತೊಡಗಿದರು.

“ಅದು ಬರೀ ಕಲ್ಲು, ಗುರುಗಳೇ. ಅಲ್ಲಿ ಅಜ್ಜಿಯೂ ಇರಲಿಲ್ಲ, ದೋಣಿಯೂ ಇರಲಿಲ್ಲ.”

ಗುರುಗಳ ಮುಖ ಕೆಂಪಾಯಿತು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ಅವನು ಕಂಡೇ ಇರಲಿಲ್ಲ.

“ಸಂಜೆ ನೀನು ರಾಜನನ್ನು ದೋಣಿ ಹತ್ತಿಸಿದಾಗ ನಾನೂ ಎದ್ದುನಿಂತು ಇದನ್ನೇ ಹೇಳಲೇನು? ಅಜ್ಜಿ ಸಿಗುವ ತನಕ ಪೀಠದ ಹತ್ತಿರ ಸುಳಿಯಬೇಡ.”

ಅವರು ದಡ ಹತ್ತಿ ಕೂತರು. ವಾಮದೇವ ಹಲ್ಲು ಕಚ್ಚಿಕೊಂಡು ಹೊಳೆಗಿಳಿದ.

ಒಂದು ಕಲ್ಲು ತಂದ. ಸೋಮಿ ಅಲ್ಲವೆಂದಳು. ಇನ್ನೊಂದು ತಂದ. ಅದೂ ಅಲ್ಲವಂತೆ. ಬಿಸಿಲು ನೆತ್ತಿಗೇರಿತು, ಸಿಟ್ಟೂ ನೆತ್ತಿಗೇರಿತು. ಈ ಪೋರಿಯ ಕೈಲಿ ಮಾನ ಹೋಯಿತಲ್ಲ ಎಂದು ಕುದಿದ.

“ಯಾರೇ ನಿನ್ನ ಅಜ್ಜಿ? ಹೊಳೆ ದಾಟಿ ಅವಳಿಗೇನು ಆಗಬೇಕಾಗಿತ್ತು?”

ಸೋಮಿ ಮೂಗು ಒರೆಸಿಕೊಂಡಳು. ಆಚೆ ದಡದಲ್ಲಿ ಅಜ್ಜಿಯ ಮಗಳಿಗೆ ಹೆರಿಗೆ ನೋವಂತೆ. ಅಜ್ಜಿಗೆ ನೀರೆಂದರೆ ಹೆದರಿಕೆ, ಕಣ್ಣು ಮುಚ್ಚಿಕೊಂಡೇ ದೋಣಿ ಹತ್ತಿದಳಂತೆ. ಮಡಿಲಲ್ಲಿ ಬಾಣಂತಿಗೆ ಬೆಲ್ಲ, ಬೆಳ್ಳುಳ್ಳಿ. ನಡುಹೊಳೆಯಲ್ಲಿ ಕೆಂಗಣ್ಣಿನ ರಾಕ್ಷಸನೊಬ್ಬ ಬಂದು ದೋಣಿ ಮಗುಚಿಬಿಟ್ಟ. ಹಾಗೆಂದು ಅವನನ್ನೇ ದುರುಗುಟ್ಟಿ ನೋಡಿ, ಮಾತು ನಿಲ್ಲಿಸಿದಳು.

ಸೊಂಟದುದ್ದ ನೀರಲ್ಲಿ ನಿಂತಿದ್ದ ವಾಮದೇವನ ಕೈಯಿಂದ ಕಲ್ಲು ಜಾರಿತು. ಅದು ಅವನ ಗಮನಕ್ಕೇ ಬರಲಿಲ್ಲ.

“ಆಮೇಲೆ?” ಎಂದ.

ದಡದ ಮೇಲಿಂದ ಗುರುಗಳು ಕರೆದರು: “ಮೇಲೆ ಬಾರಯ್ಯ, ಅಜ್ಜಿ ಸಿಕ್ಕಿದಳು.”