ಪ್ರಳಯದ ಕಾಗುಣಿತ

ನದಿಯ ಹೆಸರು ಕೇಳಬೇಡಿ. ಹೋದ ಸಲ ಈ ಕಥೆ ಹೇಳಿದಾಗ ಬೇರೆ ನದಿ ಹೇಳಿದ್ದೆ. ನೆರೆ ಬಂದದ್ದಂತೂ ನಿಜ.

ನೀರಿಳಿದ ಮೂರನೆಯ ದಿನ ಶಿಷ್ಯ ನಿರ್ವಾಣಪ್ಪ ಊರೊಳಗಿಂದ ಆಶ್ರಮಕ್ಕೆ ಮರಳಿದ. ಮುಖದಲ್ಲಿ ಗೆದ್ದು ಬಂದವನ ಕಳೆ.

"ತುಂಗವ್ವನನ್ನು ಕಂಡೆಯಾ?" ಗುರುಗಳು ಕೇಳಿದರು. ಅವಳ ಇಬ್ಬರು ಮಕ್ಕಳೂ ನೆರೆಯಲ್ಲಿ ಕೊಚ್ಚಿಹೋಗಿದ್ದರು.

"ಕಂಡೆ. 'ನಾನೇನು ಮಾಡಿದ್ದೆ ಅಂತ ಹಿಂಗಾತು?' ಅಂತ ಒಂದೇ ಸಮ ಅಳುತ್ತಿದ್ದಳು. 'ಹಿಂದಿನ ಜನ್ಮದ ನಿನ್ನ ಪಾಪ ತಾಯಿ, ಅದೇ ನೆರೆಯಾಗಿ ಬಂತು' ಅಂದೆ. ತಟ್ಟನೆ ಅಳು ನಿಲ್ಲಿಸಿದಳು."

"ನಿಲ್ಲಿಸಿ?"

"ಮನೆಯ ಕೆಸರು ಬಳಿದಳು. ಉಳಿದಿದ್ದ ಒಂದು ಎಮ್ಮೆಯನ್ನು ಪಕ್ಕದ ಮನೆಯವರಿಗೆ ಕೊಟ್ಟಳು. ಕಿವಿಯ ಓಲೆಯನ್ನೂ ಬಿಚ್ಚಿ ಕೊಟ್ಟುಬಿಟ್ಟಳು. ಎಂಥ ವೈರಾಗ್ಯ, ಗುರುಗಳೇ!"

ಗುರುಗಳು ಎದ್ದರು. ಮೆಟ್ಟು ಹಾಕಿಕೊಳ್ಳಲಿಲ್ಲ.

"ಓಡು, ದಡ್ಡ. ಹೊಳೆಗೆ."

ಗುರುಗಳು ಹರೆಯದಲ್ಲಿ ಜರ್ಮನ್ ಪಾದ್ರಿಗಳ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಜರ್ಮನಿಗೇ ಹೋಗಿದ್ದರು ಅಂತ ನಾನು ಕೆಲವರಿಗೆ ಹೇಳಿದ್ದುಂಟು. ಅದು ಸುಳ್ಳು.

ಓಡುತ್ತಲೇ, ಏದುಸಿರಿನಲ್ಲೇ ಅಂದರು:

"ಪ್ರಳಯಕ್ಕೆ ಆ ಜರ್ಮನ್ ಜನ ಜಿಂಟ್‌ಫ್ಲೂಟ್ ಅಂತಾರೆ. ಸಮಾಸ. ಫ್ಲೂಟ್ ಅಂದರೆ ನೆರೆ."

"ಈಗ ವ್ಯಾಕರಣವೇ, ಗುರುಗಳೇ?"

"ಕೂರಿಸಿ ಹೇಳಿದ್ದು ನಿನ್ನ ತಲೆಗೆ ಯಾವತ್ತು ಹೋಗಿದೆ?"

ನಿರ್ವಾಣಪ್ಪ ಪಕ್ಕಕ್ಕೆ ಓಡಿಬಂದು ಕೇಳಿದ: "ಜಿಂಟ್ ಅಂದರೆ?"

"ಎಲ್ಲೆಲ್ಲೂ. ಎಲ್ಲೆಲ್ಲೂ ನೀರು, ಅಷ್ಟೇ. ಆ ಹಳೇ ಮಾತು ಜನಕ್ಕೆ ಮರೆತೇಹೋಯಿತು. ಅವರಲ್ಲಿ ಪಾಪಕ್ಕೆ ಜುಂಡೆ ಅಂತಾರೆ. ಕಿವಿಗೆ ಹತ್ತಿರ ಕೇಳಿತು. ಜಿಂಟ್ ಇದ್ದಲ್ಲಿ ಜುಂಡ್ ಬರೆದರು. ಪಾಪದ ನೆರೆಯಾಯಿತು."

"ಯಾರು ಬರೆದರು?"

"ನಿನ್ನಂಥವರು. ದಡದ ಮೇಲೆ ಒಣಗಿ ಕೂತವರು."

ತಿರುವಿನಲ್ಲಿ ಹೊಳೆ ಕಂಡಿತು. ಕೆಂಪು ನೀರು, ಇನ್ನೂ ಸೆಳವಿತ್ತು.

ತುಂಗವ್ವ ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದಳು. ಬೆನ್ನು ಇತ್ತ ಕಡೆ. ಇನ್ನೊಂದು ಹೆಜ್ಜೆ ಇಟ್ಟಳು.

ನಿರ್ವಾಣಪ್ಪ ದಡದಲ್ಲೇ ನಿಂತುಬಿಟ್ಟ.

"ನೀವೇ ಕರೆಯಿರಿ, ಗುರುಗಳೇ. ನಾನು ಯಾವ ಬಾಯಲ್ಲಿ ಕರೆಯಲಿ? ಏನಂತ ಹೇಳಲಿ?"

ಗುರುಗಳು ಅವನ ಬೆನ್ನಿಗೆ ಕೈಯಿಟ್ಟು ನೀರಿಗೆ ನೂಕಿದರು.

"'ನನ್ನ ಕಾಗುಣಿತ ತಪ್ಪಿತ್ತು ತಾಯಿ, ಅದು ಬರೀ ನೀರು' ಅನ್ನು. ಅವಳು ಇತ್ತ ತಿರುಗುವವರೆಗೂ ಅನ್ನು."